ನುಡಿಯ ತಪ್ಪನ್ನು ತಿದ್ದುವ ಬಗೆ

ಹೊಸ ಭಾಷೆಯನ್ನು ಕಲಿಯುವವರ ಮಾತಿನಲ್ಲಿ ತಪ್ಪು ನುಸುಳುವುದು ಸಹಜ. ಅದನ್ನು ತಿದ್ದಬೇಕೆ, ಬಿಡಬೇಕೆ, ತಿದ್ದುವುದಾದರೆ ಹೇಗೆ ಎಂಬುದು ಪಾಠಶಾಲೆಗೆ ಮಾತ್ರವಲ್ಲದೆ ಮನೆಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಪರದೇಶದಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಗಳು ಒಮ್ಮೆ ರಜೆಗೆಂದು ಊರಿಗೆ ಬಂದಿದ್ದಳು. "ಅಜ್ಜಿ ಬಂದ" ಎಂದಳು. ಮನೆಮಂದಿಯೆಲ್ಲ ನಕ್ಕರು. ನಾನಾದರೋ ವ್ಯಾಕರಣ ಬಲ್ಲೆನೆಂಬ ಹಮ್ಮಿನಿಂದ ಲಿಂಗ-ವಚನಗಳ ಪಾಠವನ್ನೇ ಆರಂಭಿಸಿದೆ. ಅಂದಿನಿಂದ ಹಿಂದಿರುಗುವವರೆಗೂ ಆ ಮಗು ನನ್ನೊಡನೆ ಕನ್ನಡದಲ್ಲಿ ಒಂದು ಮಾತನ್ನೂ ಆಡಲಿಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತದ ಉಚ್ಚಾರಣೆಯಲ್ಲಿ ತಪ್ಪಿ, ಸಹಪಾಠಿಗಳ ನಗೆಗೆ ಗುರಿಯಾಗಿ, ಎಷ್ಟೋ ದಿನ ನಾನೇ ಬಾಯಿ ತೆರೆಯದಿದ್ದುದು ಆಗ ನೆನಪಾಯಿತು.

ಹಾಗಾದರೆ ತಿದ್ದದೆ ಬಿಡುವುದೇ ಲೇಸೆ? ಅಲ್ಲ. ಕಲಿಯುವವರನ್ನೇ ಕೇಳಿದ ಸಮೀಕ್ಷೆಗಳಲ್ಲಿ, ಅಧ್ಯಾಪಕರು ಎಣಿಸಿದುದಕ್ಕಿಂತ ಹೆಚ್ಚಾಗಿ ತಮ್ಮನ್ನು ತಿದ್ದಬೇಕೆಂದು ಅವರು ಬಯಸಿದ್ದು ಮತ್ತೆ ಮತ್ತೆ ಕಂಡುಬಂದಿದೆ. ನೋಯಿಸುವುದು ತಿದ್ದುವಿಕೆಯಲ್ಲ, ನಗೆ.

ಕೆನಡಾ ದೇಶದಲ್ಲಿ ಫ್ರೆಂಚ್ ಮಾಧ್ಯಮದ ಮೂಲಕ ಆ ಭಾಷೆಯನ್ನು ಕಲಿಯುತ್ತಿದ್ದ ಮಕ್ಕಳ ಪ್ರಾಥಮಿಕ ತರಗತಿಗಳನ್ನು ರಾಯ್ ಲಿಸ್ಟರ್ ಹಾಗೂ ಲೀಲಾ ರಾಂಟಾ ಎಂಬ ವಿದ್ವಾಂಸರು ಪರಿಶೀಲಿಸಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಧ್ಯಾಪಕರ ತಿದ್ದುಪಡಿಗಳಲ್ಲಿ ಶೇ. 55ರಷ್ಟು, ತಪ್ಪೆಂದು ಹೇಳದೆ ಸರಿಯಾದ ರೂಪವನ್ನು ತಾವೇ ನುಡಿಯುವ ಬಗೆಯವು. ಮೃದುವಾದ ದಾರಿಯೇ ಸರಿ. ಆದರೆ ಮಕ್ಕಳು ಅದಕ್ಕೆ ಪ್ರತಿಕ್ರಿಯೆ ತೋರಿದ್ದು ಶೇ. 31ರಷ್ಟು ಸಲ ಮಾತ್ರ. ಗುರುಗಳು ತನ್ನ ಮಾತನ್ನು ಒಪ್ಪಿದರೆಂದೇ ಮಗು ತಿಳಿಯುವುದುಂಟಷ್ಟೆ! ಸುಳುಹು ಕೊಟ್ಟು ಸರಿಯಾದ ರೂಪವನ್ನು ಮಗುವಿನ ಬಾಯಿಂದಲೇ ಹೊರಡಿಸಲು ಯತ್ನಿಸಿದಾಗ ಪ್ರತಿಸಲವೂ ಉತ್ತರ ಬಂದಿತ್ತು. ಅರ್ಧಕ್ಕೆ ಸಮೀಪದಷ್ಟು ಸಲ ತಪ್ಪು ಸರಿಹೋಗಿತ್ತು.

ಮುಂದಿನ ರಜೆಯಲ್ಲಿ ನಾನು ಇದನ್ನೇ ಅನುಸರಿಸಿದೆ. "ಅಕ್ಕ ಊಟ ಮಾಡಿದ" ಎಂದಳು ಮೊಮ್ಮಗಳು. ಅವಳ ಮಾತು ಮುಗಿಯುವವರೆಗೆ ಕಾದು, ಇಬ್ಬರೇ ಇದ್ದಾಗ, "ಅಣ್ಣ ಊಟ ಮಾಡಿದ; ಅಕ್ಕ ಊಟ...?" ಎಂದು ನಿಲ್ಲಿಸಿದೆ. ಕ್ಷಣಕಾಲ ಯೋಚಿಸಿ, "ಮಾಡಿದಳು!" ಎಂದು ಕೈತಟ್ಟಿದಳು. ಆ ಸಲ ಕನ್ನಡ ನಿಲ್ಲಲಿಲ್ಲ.

ಮಾತಾಪಿತೃಗಳು, ಅಜ್ಜ-ಅಜ್ಜಿಯರು ಇಷ್ಟನ್ನು ನೆನಪಿಡಬೇಕು. ಮೊದಲು ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಿರಿ. ಒಂದು ಸಲಕ್ಕೆ ಒಂದೇ ತಪ್ಪನ್ನು ಹಿಡಿಯಿರಿ. ನಾಲ್ವರೆದುರು ನಗಬೇಡಿರಿ. ತಪ್ಪು ನುಡಿಯನ್ನು ನಾಳೆ ತಿದ್ದಬಹುದು. ಮಗು ನುಡಿಯುವುದನ್ನೇ ನಿಲ್ಲಿಸಿದರೆ ತಿದ್ದಲು ಏನು ಉಳಿದೀತು?