ಗ್ಯಾಸ್ಟ್ರೋಪಬ್: ಬಿಯರಿನ ಕಟ್ಟು ಸಡಿಲಿದಾಗ ಬೆಳೆದ ಊಟದ ವ್ಯಾಪಾರ

ಇಂಗ್ಲೆಂಡಿನ ಬಡಾವಣೆಗಳಲ್ಲಿರುವ ಪಬ್ಬುಗಳು ಮೂಲತಃ ಬಿಯರ್ ಮಾರಾಟವನ್ನೇ ಅವಲಂಬಿಸಿದ್ದವು. ಬ್ರೆಡ್ಡು, ಚೀಸ್, ಉಪ್ಪಿನಕಾಯಿಗಳ ಒಂದು ತಟ್ಟೆ ದೊರೆತರೆ ಅದೇ ಊಟವೆನಿಸುತ್ತಿತ್ತು. 1990ರ ದಶಕದಿಂದೀಚೆಗೆ ಇಂತಹ ಅನೇಕ ಪಬ್ಬುಗಳು ಉತ್ತಮ ಭೋಜನದ ಸ್ಥಳಗಳಾಗಿ ಮಾರ್ಪಟ್ಟವು. ಇವುಗಳನ್ನೇ ‘ಗ್ಯಾಸ್ಟ್ರೋಪಬ್’ ಎಂದು ಕರೆಯಲಾಗುತ್ತದೆ. ಈ ಬದಲಾವಣೆಗೆ ರುಚಿಯಷ್ಟೇ ಕಾರಣವಲ್ಲ. ಸರಕು ಪೂರೈಕೆಯ ಒಪ್ಪಂದಗಳೂ ಕಾರಣವಾದವು ಎಂಬುದು ವರ್ತಕರು ಗಮನಿಸತಕ್ಕ ಅಂಶ.

ಹಿನ್ನೆಲೆ

ಬ್ರಿಟನ್ನಿನಲ್ಲಿ ಬಹುಕಾಲದಿಂದ ಬಿಯರ್ ತಯಾರಕರೇ ಪಬ್ ಕಟ್ಟಡಗಳ ಒಡೆಯರಾಗಿದ್ದರು. ಬಾಡಿಗೆದಾರನು ಒಡೆಯನಿಂದಲೇ, ಒಡೆಯನು ಹೇಳಿದ ದರಕ್ಕೆ ಬಿಯರ್ ಖರೀದಿಸಬೇಕಾಗಿತ್ತು. ಇದಕ್ಕೆ ‘ಟೈ’ ಎಂದು ಹೆಸರು. ಮುಂಗಡ ಸಾಲ ಪಡೆದ ರೈತನು ಅದೇ ದಲ್ಲಾಳಿಯ ಅಂಗಡಿಗೆ ಮಾಲು ಹಾಕಬೇಕಾದ ಪರಿಸ್ಥಿತಿಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ.

1989ರಲ್ಲಿ ಅಲ್ಲಿನ ಏಕಸ್ವಾಮ್ಯ ಆಯೋಗವು ಈ ವ್ಯವಸ್ಥೆಯನ್ನು ಪರಿಶೀಲಿಸಿ, ಆರು ದೊಡ್ಡ ಕಂಪನಿಗಳ ಹಿಡಿತವನ್ನು ಬಯಲಿಗೆಳೆಯಿತು. ಅದೇ ವರ್ಷ ಹೊರಬಿದ್ದ ‘ಬಿಯರ್ ಆದೇಶ’ಗಳ ಪ್ರಕಾರ, 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ತಯಾರಕರು ಹೆಚ್ಚುವರಿ ಸಂಖ್ಯೆಯ ಅರ್ಧದಷ್ಟನ್ನು ಮಾರಬೇಕಾಯಿತು ಅಥವಾ ಟೈನಿಂದ ಮುಕ್ತಗೊಳಿಸಬೇಕಾಯಿತು. ಇದಕ್ಕೆ 1992ರವರೆಗೆ ಕಾಲಾವಕಾಶವಿತ್ತು. ಪರಿಣಾಮವಾಗಿ ಬಹುಸಂಖ್ಯೆಯ ಪಬ್ಬುಗಳು ಮಾರುಕಟ್ಟೆಗೆ ಬಂದವು.

ಮೊದಲ ಪ್ರಯೋಗ

1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಅವರು ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯ ‘ದಿ ಈಗಲ್’ ಪಬ್ಬನ್ನು ವಹಿಸಿಕೊಂಡರು. ಮೊದಲ ಗ್ಯಾಸ್ಟ್ರೋಪಬ್ ಎಂಬ ಹಿರಿಮೆ ಸಾಮಾನ್ಯವಾಗಿ ಇದಕ್ಕೇ ಸಲ್ಲುತ್ತದೆ. ಅಡುಗೆಯ ಒಲೆ ಬಾರ್ ಕಟ್ಟೆಯ ಹಿಂದೆಯೇ, ಗಿರಾಕಿಗಳ ಕಣ್ಣೆದುರಿಗೆ ಇತ್ತು. ತಿನಿಸುಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯಲಾಗುತ್ತಿತ್ತು. ಗಿರಾಕಿಗಳು ಕಟ್ಟೆಯ ಬಳಿಗೆ ಹೋಗಿ ಊಟವನ್ನು ಹೇಳಬೇಕಾಗಿತ್ತು.

ಈ ಸರಳತೆಯ ಹಿಂದೆ ಮಿತವ್ಯಯದ ಲೆಕ್ಕಾಚಾರವಿದೆ. ಮೇಜುಬಟ್ಟೆಯಿಲ್ಲದಿದ್ದರೆ ಒಗೆತದ ಖರ್ಚಿಲ್ಲ. ಕಟ್ಟೆಯ ಬಳಿಯೇ ಆರ್ಡರ್ ಪಡೆದರೆ ಬಡಿಸುವವರ ಸಂಖ್ಯೆ ಕಡಿಮೆ ಸಾಕು. ಹಲಗೆಯ ಬರಹವನ್ನು ಅಂದಂದಿನ ಮಾರುಕಟ್ಟೆ ದರಕ್ಕೆ ತಕ್ಕಂತೆ ತಿದ್ದಬಹುದು. ತಿನಿಸು ಮುಗಿದೊಡನೆ ಅಳಿಸಬಹುದು. ಆದುದರಿಂದ ಪದಾರ್ಥ ಹಾಳಾಗುವುದು ಕಡಿಮೆಯಾಗುತ್ತದೆ. 2007ರ ಜುಲೈ 1ರಿಂದ ಇಂಗ್ಲೆಂಡಿನ ಪಬ್ಬುಗಳ ಒಳಗೆ ಧೂಮಪಾನ ನಿಷೇಧವಾದುದು ಕೂಡ ಊಟದ ವ್ಯಾಪಾರಕ್ಕೆ ಅನುಕೂಲಕರವಾಯಿತು. ಮಾರ್ಲೋ ಪಟ್ಟಣದ ‘ದಿ ಹ್ಯಾಂಡ್ ಅಂಡ್ ಫ್ಲವರ್ಸ್’ 2012ರ ಮಿಷೆಲಿನ್ ಕೈಪಿಡಿಯಲ್ಲಿ ಎರಡು ನಕ್ಷತ್ರಗಳನ್ನು ಗಳಿಸಿದ ಮೊದಲ ಪಬ್ ಎನಿಸಿತು.

ಬಿಲ್ಲಿನ ಒಳಲೆಕ್ಕ

ಬ್ರಿಟನ್ನಿನಲ್ಲಿ ಗಿರಾಕಿಗೆ ತೋರಿಸುವ ದರದಲ್ಲಿಯೇ ಶೇ. 20ರ ವ್ಯಾಟ್ ಸೇರಿರುತ್ತದೆ. ಕಾಲ್ಪನಿಕ ಉದಾಹರಣೆಯೊಂದನ್ನು ನೋಡಬಹುದು. ಊಟದ ದರ 24 ಪೌಂಡ್ ಎಂದಿದ್ದರೆ ಅದರಲ್ಲಿ 4 ಪೌಂಡ್ ತೆರಿಗೆ. ನಿಜವಾದ ಮಾರಾಟ 20 ಪೌಂಡ್ ಮಾತ್ರ. ಪದಾರ್ಥಗಳ ವೆಚ್ಚ 6 ಪೌಂಡ್ ಆದರೆ 14 ಪೌಂಡ್ ಉಳಿಯುತ್ತದೆ. ಸಂಬಳ, ಬಾಡಿಗೆ, ಇಂಧನಗಳೆಲ್ಲ ಇದರಿಂದಲೇ ನಡೆಯಬೇಕು.

ಈಗ ಬಿಯರಿನ ಲೆಕ್ಕ. ಪಿಂಟ್ ಒಂದಕ್ಕೆ 6 ಪೌಂಡ್ ಎಂದಾದರೆ ತೆರಿಗೆ ಕಳೆದು ಉಳಿಯುವುದು 5 ಪೌಂಡ್. ಮುಕ್ತ ಖರೀದಿಯ ದರ 2 ಪೌಂಡ್ ಇದ್ದರೆ 3 ಪೌಂಡ್ ಉಳಿಯುತ್ತದೆ. ಟೈ ಪ್ರಕಾರದ ಖರೀದಿ ದರ 3 ಪೌಂಡ್ ಇದ್ದರೆ ಉಳಿಯುವುದು ಎರಡೇ ಪೌಂಡ್. ಮಾರಾಟದಲ್ಲಿ ಒಂದು ಪೌಂಡಿನ ವ್ಯತ್ಯಾಸವಿಲ್ಲದೆಯೂ ಲಾಭಾಂಶದ ಮೂರನೆಯ ಒಂದು ಭಾಗ ನಷ್ಟವಾದಂತಾಯಿತು. ಆದರೆ ಟೈ ಮುಖ್ಯವಾಗಿ ಪಾನೀಯಗಳಿಗೆ ಅನ್ವಯಿಸುತ್ತದೆ. ಮಾಂಸ, ಮೀನು, ತರಕಾರಿಗಳನ್ನು ಬಾಡಿಗೆದಾರನು ತನಗೆ ಬೇಕಾದಲ್ಲಿ ಕೊಳ್ಳಬಹುದು. ಬಿಯರಿನಲ್ಲಿ ಒಡೆಯನ ಮಾತು ನಡೆದರೂ ಅಡುಗೆಮನೆಯಲ್ಲಿ ಬಾಡಿಗೆದಾರನೇ ಯಜಮಾನ. ಊಟದ ಕಡೆಗೆ ಪಬ್ಬುಗಳು ವಾಲಿದುದಕ್ಕೆ ಇದೂ ಒಂದು ಕಾರಣ.

ಭಾರತದ ಕ್ರಮ ಬೇರೆ. ಇಲ್ಲಿ ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಹೂಡುವಳಿ ತೆರಿಗೆ ಜಮೆಯಿಲ್ಲದ ಶೇ. 5ರ ಜಿಎಸ್‌ಟಿ ಅನ್ವಯವಾಗುತ್ತದೆ. ಮದ್ಯ ಜಿಎಸ್‌ಟಿಯಿಂದ ಹೊರಗಿದ್ದು ರಾಜ್ಯದ ತೆರಿಗೆಗಳಿಗೆ ಒಳಪಟ್ಟಿದೆ. ಆದುದರಿಂದ ಎರಡರ ಲೆಕ್ಕಗಳನ್ನು ಪ್ರತ್ಯೇಕವಾಗಿ ಇಡುವುದು ಅನಿವಾರ್ಯ.

ಮರಳಿ ಬಂದ ಕಟ್ಟು

ತಯಾರಕರು ಬಿಟ್ಟುಕೊಟ್ಟ ಪಬ್ಬುಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ದೊಡ್ಡ ‘ಪಬ್ ಕಂಪನಿ’ಗಳ ಕೈಸೇರಿದವು. ಇವು ಬಿಯರ್ ತಯಾರಿಸುವುದಿಲ್ಲವಾದ್ದರಿಂದ ಆದೇಶದ ಮಿತಿ ಇವುಗಳಿಗೆ ತಾಗಲಿಲ್ಲ. ಒಡೆಯ ಬದಲಾದರೂ ಟೈ ಉಳಿಯಿತು. ಕೊನೆಗೆ 2016ರಲ್ಲಿ ‘ಪಬ್ಸ್ ಕೋಡ್’ ಜಾರಿಗೆ ಬಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 500 ಅಥವಾ ಹೆಚ್ಚು ಟೈ ಪಬ್ಬುಗಳುಳ್ಳ ಕಂಪನಿಗಳ ಬಾಡಿಗೆದಾರನು, ಒಪ್ಪಂದ ನವೀಕರಣ ಮೊದಲಾದ ನಿರ್ದಿಷ್ಟ ಸಂದರ್ಭಗಳಲ್ಲಿ, ಮಾರುಕಟ್ಟೆ ದರದ ಬಾಡಿಗೆಯನ್ನಷ್ಟೇ ತೆತ್ತು ಟೈನಿಂದ ಹೊರಬರಲು ಕೋರಬಹುದು. ಟೈ ಇರುವಲ್ಲಿ ಬಾಡಿಗೆ ಕಡಿಮೆ ಇರಬಹುದಾದ ಕಾರಣ, ಎರಡನ್ನೂ ಕೂಡಿಸಿ ನೋಡಿಯೇ ನಿರ್ಧರಿಸಬೇಕಾಗುತ್ತದೆ.

ವರ್ತಕರು ಗಮನಿಸಬೇಕಾದ ಅಂಶಗಳು

1. ಬಾಡಿಗೆ, ಸಾಲ ಅಥವಾ ಯಂತ್ರದ ಜೊತೆಗೆ ಖರೀದಿಯ ಕರಾರು ಸೇರಿದ್ದರೆ, ಆ ಕರಾರಿನ ವಾರ್ಷಿಕ ಬೆಲೆಯನ್ನು ಬೇರೆಯಾಗಿ ಲೆಕ್ಕಹಾಕತಕ್ಕದ್ದು.

2. ತೆರಿಗೆ ಕಳೆದ ಮೊತ್ತವನ್ನು ಮಾತ್ರ ಮಾರಾಟವೆಂದು ಪರಿಗಣಿಸತಕ್ಕದ್ದು.

3. ಕರಾರಿಗೆ ಒಳಪಡದ ಭಾಗ ಯಾವುದೆಂದು ಗುರುತಿಸಿ, ಅದನ್ನು ಬೆಳೆಸಲು ಯತ್ನಿಸತಕ್ಕದ್ದು.

4. ಒಪ್ಪಂದದಿಂದ ಹೊರಬರುವ ದಾರಿಯನ್ನು ಸಹಿ ಹಾಕುವ ಮುನ್ನವೇ ಓದಿಕೊಳ್ಳತಕ್ಕದ್ದು.

ಕಡಿಮೆ ಬಾಡಿಗೆಯೊಂದನ್ನೇ ನೋಡಿ ಒಪ್ಪಂದಕ್ಕೆ ಸಹಿ ಹಾಕುವ ವರ್ತಕನು, ಉಳಿಸಿದ ಬಾಡಿಗೆಗಿಂತ ಹೆಚ್ಚಿನ ಹಣವನ್ನು ಖರೀದಿಯ ದರದಲ್ಲಿ ತೆರಬೇಕಾಗಿ ಬರಬಹುದು.