ಬೇಡದ ಬಸಿರು: ಯಾರು, ಏಕೆ

ಭಾರತದಲ್ಲಿ ಗರ್ಭಪಾತ ಮಾಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಮದುವೆಯಾದವರು. ಅವರಲ್ಲಿ ಬಹಳ ಮಂದಿ ಆಗಲೇ ತಾಯಂದಿರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಗರ್ಭಪಾತಗಳಿಗೆ ಸಿಕ್ಕ ಕಾರಣ, ಬಯಸದೆ ನಿಂತ ಬಸಿರು. ಆ ಒಂದು ಉತ್ತರದ ಹಿಂದೆ ಇಡೀ ಸಂಸಾರವೇ ಇದೆ. ಮೊಲೆಹಾಲು ಕುಡಿಯುವ ಕೂಸಿದೆ, ಮುಟ್ಟು ಮರಳಿಲ್ಲ, ಹಾಗಾಗಿ ಬಸಿರು ನಿಲ್ಲದೆಂದು ನಂಬಿದವಳಿಗೆ ಮೂರನೇ ತಿಂಗಳು ತುಂಬುವ ಹೊತ್ತಿಗೆ ಗೊತ್ತಾಗುತ್ತದೆ. ಕಾಂಡೋಮ್ ಬಳಸಲು ಗಂಡ ಒಪ್ಪುವುದಿಲ್ಲ. ಕೂಲಿ ತಪ್ಪಿದರೆ ಮನೆ ನಡೆಯುವುದಿಲ್ಲ. ಕೆಲವರಿಗೆ ಆರೋಗ್ಯದ ತೊಂದರೆ, ಕೆಲವರಿಗೆ ಭ್ರೂಣದ ದೋಷ. ಗಂಡುಮಗುವಿಗಾಗಿ ಮನೆಯವರು ಹೇರುವ ಒತ್ತಡವೂ ಉಂಟು. ಆ ಒತ್ತಡಕ್ಕೆ ಮಣಿದು ಮಾಡಿಸಿಕೊಂಡ ಗರ್ಭಪಾತವನ್ನು ಹೆಣ್ಣಿನ ಸ್ವಂತ ಆಯ್ಕೆ ಎನ್ನಲಾಗದು.

ಅವಿವಾಹಿತೆಯರ ಸಂಖ್ಯೆ ಕಡಿಮೆಯಿದ್ದರೂ ಅವರ ಪಾಡು ಹೆಚ್ಚು ಕಠಿಣ. ಮನೆಗೆ ತಿಳಿದೀತೆಂಬ ಭಯದಲ್ಲಿ ವಾರಗಳು ಕಳೆದುಹೋಗುತ್ತವೆ. ಆದರೆ ಗರ್ಭಪಾತದ ಕುರಿತ 1971ರ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿ ಕೆಲವು ವರ್ಗದವರಿಗೆ ಗರ್ಭಪಾತದ ಅವಧಿಯನ್ನು 24 ವಾರಕ್ಕೆ ಏರಿಸಿತು. ಈ ಸೌಲಭ್ಯ ಅವಿವಾಹಿತೆಯರಿಗೂ ಸಲ್ಲುತ್ತದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ಕಾನೂನು ಗೊತ್ತಿಲ್ಲದ ಎಷ್ಟೋ ಮಂದಿ ಆಸ್ಪತ್ರೆಗೆ ಹೋಗದೆ, ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಮನೆಯಲ್ಲೇ ನುಂಗುತ್ತಾರೆ.