ಹೆಸರು ಬಿಡದವರ ಆಲ್ಬಂ

ಮಂಜೇಶ್ವರವನ್ನು 'ಮಂಜೇಶ್ವರಂ' ಎಂದು ಬರೆದರೆ ಸಿಡಿದೇಳುವ ನಮಗೆ ಡೆಟ್ರಾಯ್ಟಿನ ಡೇವಿಡ್ ಹ್ಯಾಕ್ನಿಯ ಹಟ ಅರ್ಥವಾದೀತು. ಅದೂ ಗಡಿ ಊರೇ. ನದಿ ದಾಟಿದರೆ ಕೆನಡಾ.

ತಂದೆ ಅಪಘಾತದಲ್ಲಿ ತೀರಿಕೊಂಡ ಮೇಲೆ ಡೇವಿಡ್ ತಮ್ಮ ರಾಕ್ ಬ್ಯಾಂಡಿಗೆ 'ಡೆತ್', ಅಂದರೆ ಸಾವು, ಎಂದೇ ಹೆಸರಿಟ್ಟ. ಜತೆಗೆ ತಮ್ಮಂದಿರಾದ ಡ್ಯಾನಿಸ್, ಬಾಬಿ. ಕಪ್ಪು ಜನರೆಂದರೆ ಮೋಟೌನ್ ಥರದ ಹಾಡನ್ನೇ ಹಾಡಬೇಕು ಎನ್ನುವ ಊರಲ್ಲಿ ಇವರ ಗಿಟಾರ್ ಗದ್ದಲ ಯಾರಿಗೆ ಬೇಕು? ರಮೋನ್ಸ್ ತಂಡದ ಮೊದಲ ಆಲ್ಬಂ ಕೂಡ ಬಂದದ್ದು 1976ರಲ್ಲಿ. ಇವರು 1975ರಲ್ಲೇ ಯುನೈಟೆಡ್ ಸೌಂಡ್ ಸ್ಟುಡಿಯೋ ಹೊಕ್ಕಿದ್ದರು. ರೆಕಾರ್ಡ್ ಕಂಪನಿಯ ದೊಡ್ಡ ಕುಳ ಕ್ಲೈವ್ ಡೇವಿಸ್ ಮೆಚ್ಚಿದ್ದೂ ಆಯ್ತು. ಷರತ್ತೊಂದೇ, ಹೆಸರು ಬದಲಿಸಬೇಕು. ಡೇವಿಡ್ ಸುತರಾಂ ಒಪ್ಪಲಿಲ್ಲ. ದುಡ್ಡು ನಿಂತಿತು, 12 ಹಾಡಿನ ಆಲ್ಬಂ 7ಕ್ಕೇ ನಿಂತಿತು. 1976ರಲ್ಲಿ ತಾವೇ 500 ಪ್ರತಿ ಸಣ್ಣ ರೆಕಾರ್ಡು ಹಾಕಿಸಿದರು, ಅಷ್ಟೆ.

ಟೇಪುಗಳು ವರ್ಮಾಂಟಿನಲ್ಲಿ ಬಾಬಿಯ ಮನೆಯ ಅಟ್ಟ ಸೇರಿದವು. ಜೋಪಾನವಾಗಿಡು, ಜನ ಹುಡುಕಿಕೊಂಡು ಬರ್ತಾರೆ ಅಂತ ಅಣ್ಣ ಹೇಳಿಟ್ಟಿದ್ದ. 2000ದಲ್ಲಿ ಅವನು ಶ್ವಾಸಕೋಶದ ಕ್ಯಾನ್ಸರಿನಿಂದ ಹೋದ.

ಜನ ಬಂದರು. ಅಳಿದುಳಿದ ಆ ಸಣ್ಣ ರೆಕಾರ್ಡಿಗೆ ಸಂಗ್ರಾಹಕರು ಮುಗಿಬಿದ್ದರು. ಬಾಬಿಯ ಮಕ್ಕಳಿಗೆ ಅಪ್ಪನ ಹಳೇ ಬ್ಯಾಂಡಿನ ಸುದ್ದಿ ತಿಳಿದದ್ದೇ ಆಗ! 2009ರಲ್ಲಿ ಡ್ರ್ಯಾಗ್ ಸಿಟಿ ಕಂಪನಿ ಆ 7 ಹಾಡುಗಳನ್ನು ಹೊರತಂದಿತು, 34 ವರ್ಷ ತಡವಾಗಿ. ರೆಕಾರ್ಡಿನ ಮೇಲೆ ಅದೇ ಹೆಸರು: ಡೆತ್.